ಈ ಕಾಗದ ಮುಂದೆ ಯಾರ ಮೇಜಿಗೆ ಹೋಗಬೇಕು?

ಗದಗಿನಲ್ಲಿ ಸಹಕಾರ ಸಂಘಗಳ ಕಾರ್ಯದರ್ಶಿಗಳು, ಸಿಬ್ಬಂದಿ ಮತ್ತು ಒಂದಿಷ್ಟು ಕಾಲೇಜು ಹುಡುಗ ಹುಡುಗಿಯರ ಮುಂದೆ ಆಡಿದ ಮಾತುಗಳ ಬರಹ ರೂಪ ಇದು. ಸಭಿಕರು ನಡುನಡುವೆ ಕೇಳಿದ ಪ್ರಶ್ನೆಗಳನ್ನು ಆಯಾ ಜಾಗದಲ್ಲೇ ಉಳಿಸಿಕೊಂಡಿದ್ದೇನೆ.

ಎಲ್ಲರಿಗೂ ನಮಸ್ಕಾರ. ಗದಗಿಗೆ ಬಂದು ಸಹಕಾರ ಸಂಘದ ಕಾಗದಪತ್ರದ ಬಗ್ಗೆ ಮಾತಾಡಲು ಸ್ವಲ್ಪ ಧೈರ್ಯ ಬೇಕು. ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂದದ್ದು 1904ರಲ್ಲಿ. ಮರುವರ್ಷವೇ, 1905ರಲ್ಲಿ, ಇಲ್ಲೇ ಪಕ್ಕದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಂಘ ಕಟ್ಟಿದರು. ಠರಾವು (ಸಭೆಯ ನಿರ್ಣಯ), ಜಾಮೀನು, ಬೋಜಾ (ಹೊಲದ ಮೇಲಿನ ಸಾಲದ ಹೊರೆ), ಬೇಬಾಕಿ (ಸಾಲ ತೀರಿದ ಪತ್ರ) ಇವೆಲ್ಲಾ ನಿಮಗೆ ಬಾಯಿಪಾಠ. ನಾನು ಹುಬ್ಬಳ್ಳಿಯಲ್ಲಿ ಸಾಫ್ಟ್‌ವೇರ್ ಬರೆಯುವವನು. ಈ ಕಾಗದಗಳು ಕಂಪ್ಯೂಟರ್ ಒಳಗೆ ಹೋದ ಮೇಲೆ ಅವನ್ನು ಯಂತ್ರವೇ ವಿಧವಾರು ಬೇರೆ ಮಾಡುವುದು ಹೇಗೆ ಎಂಬುದಷ್ಟೇ ನನ್ನ ಪಾಲಿನ ವಿಷಯ.

2022ರ ಜೂನ್‌ನಲ್ಲಿ ಕೇಂದ್ರ ಸರ್ಕಾರ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಗಣಕೀಕರಣ ಮಾಡಲು 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಕಂಪ್ಯೂಟರ್ ಬಂತು, ಲೆಕ್ಕ ಅದರೊಳಗೆ ಹೋಯಿತು. ಇದರ ಮುಂದಿನ ಹೆಜ್ಜೆಯಾಗಿ ಕೆಲವು ಸಂಘಗಳು, ಬ್ಯಾಂಕುಗಳು ಸದಸ್ಯರಿಗೆ ‘ದಾಖಲೆಗಳನ್ನು ವೆಬ್‌ಸೈಟಿನಲ್ಲೇ ಹಾಕಿ’ ಎನ್ನುತ್ತಿವೆ. ಅಲ್ಲಿಂದ ಕಷ್ಟ ಶುರು. ಮುಂಗಾರು ಹತ್ತಿರ ಬಂದಾಗ ಬೆಳೆ ಸಾಲದ ಅರ್ಜಿಗಳು ಒಟ್ಟಿಗೇ ಬರುತ್ತವೆ. ಒಂದೊಂದು ಅರ್ಜಿಗೂ ನಾಲ್ಕಾರು ಕಡತ. ಹೆಸರು ನೋಡಿದರೆ ‘ಸ್ಕ್ಯಾನ್ 001’, ‘ಹೊಸ ಡಾಕ್ಯುಮೆಂಟ್ 2’, ‘ವಾಟ್ಸ್‌ಆ್ಯಪ್ ಇಮೇಜ್’. ಯಾವುದರಲ್ಲಿ ಏನಿದೆ ಎಂದು ತಿಳಿಯಲು ಒಂದೊಂದನ್ನೂ ತೆರೆದು ನೋಡಬೇಕು.

ಮುಂದಿನ ಸಾಲಿನಲ್ಲಿ ಕೂತಿದ್ದ ಹಿರಿಯ ಕಾರ್ಯದರ್ಶಿಯೊಬ್ಬರು ಇಲ್ಲೇ ತಡೆದರು: “ಸರ, ಯಾವ ಕಾಗದ ಅಂತ ಮೆಂಬರ್‌ಗೇ ಆರಿಸ್ರಿ ಅಂದ್ರ ಆತಲ್ರೀ. ಅದಕ್ಕ ಮಷಿನ್ ಯಾಕ ಬೇಕು?”

ನ್ಯಾಯವಾದ ಪ್ರಶ್ನೆ. ಹೆಚ್ಚಿನ ವೆಬ್‌ಸೈಟುಗಳು ಹಾಗೇ ಮಾಡುತ್ತವೆ. ಒಂದು ಪಟ್ಟಿ ಕೊಟ್ಟು ‘ದಾಖಲೆಯ ವಿಧ ಆರಿಸಿ’ ಎನ್ನುತ್ತವೆ. ಆದರೆ ಜನ ಪಟ್ಟಿಯಲ್ಲಿ ಮೊದಲು ಏನಿದೆಯೋ ಅದನ್ನೇ ಒತ್ತಿ ಮುಂದೆ ಹೋಗುತ್ತಾರೆ. ಮೊದಲು ‘ಆಧಾರ್’ ಇದ್ದರೆ ಪಹಣಿಯೂ ಆಧಾರ್, ಪಾಸ್‌ಪೋರ್ಟ್ ಅಳತೆಯ ಫೋಟೋವೂ ಆಧಾರ್. ಅದೂ ಅಲ್ಲದೆ ಎಷ್ಟೋ ಸಲ ಅಪ್‌ಲೋಡ್ ಮಾಡುವವರು ಸದಸ್ಯರೇ ಅಲ್ಲ. ಮಗನೋ ಅಳಿಯನೋ ಝೆರಾಕ್ಸ್ ಅಂಗಡಿಯ ಹುಡುಗನೋ ಮಾಡಿರುತ್ತಾರೆ. ಹೊಲ ಕೊಂಡ ಖರೇದಿ ಪತ್ರ ಯಾವುದು, ಪಾಲು ಹಂಚಿದ ವಾಟ್ನಿ ಪತ್ರ ಯಾವುದು ಎಂದು ಅವರನ್ನು ಕೇಳುವುದು ಅನ್ಯಾಯ. ಸದಸ್ಯರಿಂದ ‘ಫೈಲ್ ಹಾಕಿ’ ಎಂಬುದಕ್ಕಿಂತ ಹೆಚ್ಚಿಗೆ ಏನೂ ಕೇಳಬಾರದು ಎಂಬ ಕಡೆಗೇ ನನ್ನ ಒಲವು. ಬೇರೆ ಮಾಡುವ ಕೆಲಸ ಸಂಘದ ಕಡೆಯವರದು.

ಈಗ ಎಲ್ಲರೂ ಎಡವುವ ಜಾಗಕ್ಕೆ ಬರೋಣ. ‘ತಾನೇ ವರ್ಗ ಮಾಡುವ’, ಅಂದರೆ ಕಾಗದವನ್ನು ವಿಧವಾರು ಬೇರೆ ಮಾಡುವ, ವ್ಯವಸ್ಥೆ ಬೇಕು ಎಂದ ಕೂಡಲೇ ಮೊದಲು ಯಾವ ಎಐ ತರಬೇಕು ಎಂದು ಮಾತು ಶುರುವಾಗುತ್ತದೆ. ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಮೊದಲು ಕೇಳಬೇಕಾದದ್ದು, ವರ್ಗಗಳು ಯಾವುವು? ಸಾಮಾನ್ಯವಾಗಿ ಯಾರೋ ಒಬ್ಬರು ಕೂತು ತಮಗೆ ಗೊತ್ತಿರುವ ಕಾಗದದ ಹೆಸರನ್ನೆಲ್ಲಾ ಪಟ್ಟಿ ಮಾಡುತ್ತಾರೆ. ನಲವತ್ತು ಐವತ್ತು ಹೆಸರು ಸುಲಭವಾಗಿ ಆಗುತ್ತದೆ. ಆ ಪಟ್ಟಿ ಹಿಡಿದು ಯಂತ್ರಕ್ಕೆ ಕಲಿಸಲು ಹೊರಟರೆ ಕೆಲವು ವರ್ಗಗಳಿಗೆ ಸಾವಿರ ಮಾದರಿ ಸಿಗುತ್ತದೆ, ಕೆಲವಕ್ಕೆ ಮೂರೂ ಸಿಗುವುದಿಲ್ಲ. ಮೂರು ಮಾದರಿ ನೋಡಿ ಯಂತ್ರ ಏನೂ ಕಲಿಯುವುದಿಲ್ಲ.

ಬ್ಯಾಡಗಿಯ ಮಾರುಕಟ್ಟೆ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಅಲ್ಲಿ ಬಣ್ಣ ತೆಗೆಯುವ ಕಾರ್ಖಾನೆಗೆ ಬೇಕಾದ ಮೆಣಸಿನಕಾಯಿ ಬೇರೆ, ಮನೆಯ ಖಾರದ ಪುಡಿಗೆ ಬೇಕಾದದ್ದು ಬೇರೆ. ಕಾಯಿ ಎಲ್ಲಿಗೆ ಹೋಗಬೇಕು ಎಂಬುದರ ಮೇಲೆ ಅದನ್ನು ಆರಿಸುತ್ತಾರೆ. ಕಾಗದಕ್ಕೂ ಅದೇ ಮಾತು. ‘ಇದು ಏನು?’ ಎಂದು ಕೇಳುವ ಬದಲು ‘ಇದು ಮುಂದೆ ಯಾರ ಮೇಜಿಗೆ ಹೋಗಬೇಕು?’ ಎಂದು ಕೇಳಿ. ಪಟ್ಟಿ ತಾನಾಗಿಯೇ ಸಣ್ಣದಾಗುತ್ತದೆ.

ಖರೇದಿ ಪತ್ರ, ವಾಟ್ನಿ ಪತ್ರ, ವಾರಸುದಾರರ ಹೆಸರಿಗೆ ಮಾಡುವ ವಾರಸಾ ಆದೇಶ. ವಕೀಲರ ಕಣ್ಣಿಗೆ ಮೂರೂ ಬೇರೆ ಬೇರೆ. ಆದರೆ ನಿಮ್ಮ ಸಂಘದಲ್ಲಿ ಮೂರನ್ನೂ ನೋಡುವವರು ಒಬ್ಬರೇ ಆಗಿದ್ದರೆ ಮೊದಲ ಹಂತದಲ್ಲಿ ‘ಹಕ್ಕಿನ ದಾಖಲೆ’ ಎಂಬ ಒಂದೇ ವರ್ಗ ಸಾಕು. ಆಮೇಲೆ ಅವರು ನೋಡಿಕೊಳ್ಳುತ್ತಾರೆ. ಇದಕ್ಕೆ ಉಲ್ಟಾ ಕೂಡ ಆಗುತ್ತದೆ. ಪಹಣಿ ಒಂದೇ ಕಾಗದ. ಸಾಲ ಕೊಡುವ ಮೊದಲು ಬಂದರೆ ಹೊಲ ಯಾರ ಹೆಸರಿಗಿದೆ, ಎಷ್ಟು ಎಕರೆ, ಏನು ಬೆಳೆ ಎಂದು ನೋಡುತ್ತೀರಿ. ಸಾಲ ಕೊಟ್ಟ ಮೇಲೆ ಬಂದರೆ 11ನೇ ಕಾಲಮಿನಲ್ಲಿ ಬೋಜಾ ಏರಿದೆಯೇ ಎಂದು ನೋಡುತ್ತೀರಿ. ಕಾಗದ ಒಂದೇ, ಮೇಜು ಎರಡು. ಕಾಗದದ ಮೇಲಿನ ಅಕ್ಷರಗಳನ್ನು ಎಷ್ಟು ಓದಿದರೂ ಯಂತ್ರಕ್ಕೆ ಇದು ತಿಳಿಯುವುದಿಲ್ಲ. ಆ ಸದಸ್ಯರ ಸಾಲ ಯಾವ ಹಂತದಲ್ಲಿದೆ ಎಂಬುದನ್ನು ಡೇಟಾಬೇಸಿನಿಂದ ತಂದು ಸೇರಿಸಬೇಕು. ಒಳ್ಳೆಯ ವರ್ಗೀಕರಣದಲ್ಲಿ ಅರ್ಧ ಭಾಗ ಕಾಗದದ ಹೊರಗೇ ಇರುತ್ತದೆ. ಇದನ್ನು ಮರೆತವರೇ ಜಾಸ್ತಿ.

ಕಾಲೇಜಿನವರಿಗೆ ಇಲ್ಲಿ ಒಂದು ಹೆಸರು ಹೇಳಲೇಬೇಕು. ಎಸ್.ಆರ್. ರಂಗನಾಥನ್. ಗಣಿತದ ಮೇಷ್ಟ್ರಾಗಿದ್ದವರು ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದರು, 1962ರಲ್ಲಿ ಅಲ್ಲಿ ದಾಖಲೀಕರಣದ ಸಂಶೋಧನೆ ಮತ್ತು ತರಬೇತಿ ಕೇಂದ್ರ ಕಟ್ಟಿದರು. ಪುಸ್ತಕಗಳನ್ನು ಹತ್ತು ಹತ್ತು ಕವಲಾಗಿ ಒಡೆಯುವ ಡ್ಯೂಯಿಯ ದಶಮಾಂಶ ಪದ್ಧತಿ 1876ರದು. ಅದರಲ್ಲಿ ಒಂದು ಪುಸ್ತಕಕ್ಕೆ ಮುಖ್ಯವಾಗಿ ಒಂದು ಜಾಗ. 1933ರಲ್ಲಿ ರಂಗನಾಥನ್ ತಂದ ಕೋಲನ್ ಪದ್ಧತಿ ಬೇರೆ ದಾರಿ ಹಿಡಿಯಿತು. ಒಂದೇ ಪುಸ್ತಕವನ್ನು ಹಲವು ಮುಖಗಳಿಂದ ನೋಡಿ, ಒಂದೊಂದು ಮುಖಕ್ಕೂ ಬೇರೆ ಗುರುತು ಕೊಟ್ಟು, ಕೊನೆಗೆ ಜೋಡಿಸು ಎಂದಿತು. ಯಾವ ವಿಷಯ, ಯಾವ ವಸ್ತು, ಯಾವ ಕ್ರಿಯೆ, ಯಾವ ಸ್ಥಳ, ಯಾವ ಕಾಲ.

ನಮ್ಮ ಕೆಲಸಕ್ಕೆ ಇದು ಹೇಳಿ ಮಾಡಿಸಿದ ಹಾಗಿದೆ. ಫೋಲ್ಡರ್ ಒಳಗೆ ಫೋಲ್ಡರ್, ಅದರೊಳಗೆ ಇನ್ನೊಂದು ಫೋಲ್ಡರ್ ಮಾಡಬೇಡಿ. ‘2024, ಮುಂಡರಗಿ, ಬೆಳೆ ಸಾಲ, ಪಹಣಿ’ ಎಂದು ಒಂದರೊಳಗೊಂದು ಇಟ್ಟರೆ, ಎಲ್ಲಾ ಊರಿನ ಪಹಣಿ ಒಟ್ಟಿಗೆ ಬೇಕಾದಾಗ ಪರದಾಡುತ್ತೀರಿ. ಬದಲಿಗೆ ನಾಲ್ಕು ಸಣ್ಣ ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳಿ. ಯಾವ ವಿಧ? ಯಾರದು? ಯಾವ ವರ್ಷದ್ದು? ಯಾವ ಊರು? ಒಂದೊಂದಕ್ಕೂ ಒಂದು ಚೀಟಿ ಅಂಟಿಸಿ. ಯಂತ್ರಕ್ಕೂ ನಾಲ್ಕು ಸಣ್ಣ ಪ್ರಶ್ನೆ ಸುಲಭ, ಒಂದು ದೊಡ್ಡ ಪ್ರಶ್ನೆ ಕಷ್ಟ.

ವರ್ಗಗಳು ಆದವು. ಇನ್ನು ಯಂತ್ರ ಓದಬೇಕು. ನಿಜವಾದ ಮೈಕೈ ನೋವು ಇಲ್ಲಿದೆ.

ಕಡತ ಬಂದಾಗ ಅದರ ಹೆಸರಿನ ಕೊನೆಯಲ್ಲಿ ‘ಪಿಡಿಎಫ್’ ಎಂದಿದೆ ಎಂದು ನಂಬಬೇಡಿ. ಜೆಪಿಜಿ ಚಿತ್ರಕ್ಕೆ ಹೆಸರು ಬದಲಿಸಿ ಪಿಡಿಎಫ್ ಎಂದು ಕಳಿಸುವವರಿದ್ದಾರೆ. ಬೇಕೆಂದೇ ಕೆಟ್ಟ ಪ್ರೋಗ್ರಾಂ ಕಳಿಸುವವರೂ ಇದ್ದಾರೆ. ಕಡತದ ಮೊದಲ ಕೆಲವು ಬೈಟ್ ಓದಿದರೆ ಅಸಲಿ ಜಾತಿ ತಿಳಿಯುತ್ತದೆ. ಪಿಡಿಎಫ್ ಆದರೆ ಆರಂಭದಲ್ಲೇ ಶೇಕಡಾ ಚಿಹ್ನೆ, ಅದರ ಹಿಂದೆ ಪಿ, ಡಿ, ಎಫ್ ಎಂಬ ಮೂರು ಅಕ್ಷರ ಇರುತ್ತದೆ. ಹಾಗೆಯೇ ಕಡತಕ್ಕೆ ಒಂದು ಹ್ಯಾಶ್, ಅಂದರೆ ಅದರ ಒಳಗಿನದೆಲ್ಲಾ ಸೇರಿ ಬರುವ ಗುರುತಿನ ಸಂಖ್ಯೆ, ಲೆಕ್ಕ ಹಾಕಿ ಇಟ್ಟುಕೊಳ್ಳಿ. ಅದೇ ಕಡತವನ್ನು ಒಬ್ಬರು ಐದು ಸಲ ಹಾಕಿದರೆ ಕೂಡಲೇ ಗೊತ್ತಾಗುತ್ತದೆ. ಅದೇ ಕಾಗದದ ಇನ್ನೊಂದು ಫೋಟೋ ತೆಗೆದು ಹಾಕಿದರೆ ಮಾತ್ರ ಹ್ಯಾಶ್ ಬೇರೆಯಾಗುತ್ತದೆ.

ಪಿಡಿಎಫ್‌ನಲ್ಲಿ ಎರಡು ಜಾತಿ. ಒಂದರಲ್ಲಿ ಅಕ್ಷರ ಅಕ್ಷರವಾಗಿಯೇ ಇರುತ್ತದೆ. ಇನ್ನೊಂದರಲ್ಲಿ ಬರೀ ಚಿತ್ರ. ಮೊದಲನೆಯದು ಸುಲಭ ಎಂದುಕೊಳ್ಳುತ್ತೀರಿ. ಇಂಗ್ಲಿಷಿಗೆ ನಿಜ. ಕನ್ನಡದಲ್ಲಿ ‘ನುಡಿ’, ‘ಬರಹ’ ಎಂಬ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟುಗಳು ಎದುರಾಗುತ್ತವೆ. ಎಲ್ಲಾ ಭಾಷೆಗಳ ಅಕ್ಷರಕ್ಕೂ ಒಂದೊಂದು ಸಂಕೇತ ಕೊಡುವ ಯೂನಿಕೋಡ್ ಪದ್ಧತಿಯಲ್ಲಿ ಕನ್ನಡ 1991ರ ಮೊದಲ ಆವೃತ್ತಿಯಿಂದಲೇ ಇದೆ. ಆದರೂ ಕಚೇರಿಗಳಲ್ಲಿ ವರ್ಷಗಟ್ಟಲೆ ಹಳೆಯ ಫಾಂಟಿನಲ್ಲೇ ಟೈಪ್ ಮಾಡಿದ್ದೇವೆ, ಕೆಲವರು ಈಗಲೂ ಮಾಡುತ್ತಾರೆ. ಆ ಫಾಂಟುಗಳಲ್ಲಿ ಕನ್ನಡ ಕಾಣುವುದು ಪರದೆಯ ಮೇಲೆ ಮಾತ್ರ. ಒಳಗಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆ. ನುಡಿಯಲ್ಲಿ ‘ಕನ್ನಡ’ ಎಂದು ಟೈಪ್ ಮಾಡಿದ ಪಿಡಿಎಫ್‌ನಿಂದ ಅಕ್ಷರ ಹೊರಗೆ ತೆಗೆದರೆ ದೊಡ್ಡ ಪಿ, ತಲೆಯ ಮೇಲೆ ಗೀಟಿರುವ ಎ, ಬ್ರಿಟಿಷ್ ಪೌಂಡಿನ ಗುರುತು, ಮತ್ತೆ ಅದೇ ಎ, ಜರ್ಮನ್ನರು ಬಳಸುವ ಒಂದು ಅಕ್ಷರ, ಸಣ್ಣ ಕ್ಯೂ, ಮತ್ತೊಮ್ಮೆ ಅದೇ ಎ. ಏಳು ಚಿಹ್ನೆ, ಒಂದೂ ಕನ್ನಡದ್ದಲ್ಲ.

ತಮಾಷೆ ಏನೆಂದರೆ ವರ್ಗ ಮಾಡುವ ಯಂತ್ರಕ್ಕೆ ಇದರಿಂದ ಅಷ್ಟೇನೂ ತೊಂದರೆಯಿಲ್ಲ. ಅದಕ್ಕೆ ಕನ್ನಡವೂ ಗೊತ್ತಿಲ್ಲ, ಇಂಗ್ಲಿಷೂ ಗೊತ್ತಿಲ್ಲ. ಒಂದೇ ಪದ ಯಾವಾಗಲೂ ಒಂದೇ ತರಹದ ಗಲೀಜಾಗಿ ಬಂದರೆ ಆ ಗಲೀಜನ್ನೇ ಅದು ಕಲಿಯುತ್ತದೆ. ಪೆಟ್ಟು ಬೀಳುವುದು ಬೇರೆ ಕಡೆ. ಸಭೆಯ ನಡಾವಳಿಗಳಲ್ಲಿ ಅರ್ಧ ನುಡಿಯಲ್ಲಿ, ಇನ್ನರ್ಧ ಯೂನಿಕೋಡಿನಲ್ಲಿ ಇದ್ದರೆ ‘ಠರಾವು’ ಎಂಬ ಒಂದೇ ಪದ ಯಂತ್ರಕ್ಕೆ ಎರಡು ಪದ. ಮೊದಲೇ ಕಡಿಮೆ ಇರುವ ಮಾದರಿಗಳು ಎರಡು ಪಾಲಾಗುತ್ತವೆ. ಆದ್ದರಿಂದ ಮೊದಲು ಎಲ್ಲವನ್ನೂ ಯೂನಿಕೋಡಿಗೆ ಪರಿವರ್ತಿಸಿ. ಗುರುತಿಸುವುದು ಕಷ್ಟವಲ್ಲ. ಆ ಗೀಟಿನ ಎ ಸಾಲುಸಾಲಿಗೆ ಬರುತ್ತಿದ್ದರೆ ಅದು ಹಳೆಯ ಫಾಂಟೇ. ಪರಿವರ್ತಕ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ.

ಯೂನಿಕೋಡ್ ಆದ ಮಾತ್ರಕ್ಕೆ ಎಲ್ಲಾ ಸರಿ ಎಂದೂ ಅಲ್ಲ. ‘ಕೊ’ ಎಂಬುದರ ಒತ್ವವನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಎತ್ವ ಮತ್ತು ಕೊಂಬಿನ ದೀರ್ಘ ಎಂದು ಎರಡಾಗಿಯೂ ಇಡಬಹುದು. ನೋಡಲು ಒಂದೇ, ಯಂತ್ರಕ್ಕೆ ಬೇರೆ. ‘ಬ್ಯಾಂಕ್‌ನಲ್ಲಿ’ ಎಂದು ಬರೆಯುವಾಗ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಇರುತ್ತದೆ, ಕೆಲವರು ಹಾಕುತ್ತಾರೆ, ಕೆಲವರು ಬಿಡುತ್ತಾರೆ. ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ ಹಾಕುವವರಂತೂ ಎಲ್ಲಾ ಕಚೇರಿಗಳಲ್ಲೂ ಇದ್ದಾರೆ. ಇದನ್ನೆಲ್ಲಾ ಒಂದೇ ರೂಪಕ್ಕೆ ತರುವ ಕೆಲಸ ಬೇಸರದ್ದು. ಆದರೆ ನೀವು ತಿಂಗಳುಗಟ್ಟಲೆ ಎಐ ಮಾದರಿ ಬದಲಿಸಿ ಪಡೆಯುವುದಕ್ಕಿಂತ ಜಾಸ್ತಿ ಲಾಭ ಇದರಿಂದ ಸಿಗುತ್ತದೆ.

ಇನ್ನು ಬರೀ ಚಿತ್ರವಾಗಿ ಬಂದವು. ಚಿತ್ರದಿಂದ ಅಕ್ಷರ ಹೆಕ್ಕುವುದಕ್ಕೆ ಓಸಿಆರ್ ಎನ್ನುತ್ತಾರೆ. ಉಚಿತವಾಗಿ ಸಿಗುವ ಟೆಸರಾಕ್ಟ್ 1980ರ ದಶಕದಲ್ಲಿ ಎಚ್‌ಪಿ ಕಂಪನಿಯಲ್ಲಿ ಹುಟ್ಟಿದ್ದು. 2005ರಲ್ಲಿ ಅದು ಮುಕ್ತ ತಂತ್ರಾಂಶವಾಯಿತು. 2018ರಲ್ಲಿ ಬಂದ ನಾಲ್ಕನೇ ಆವೃತ್ತಿ ನ್ಯೂರಲ್ ನೆಟ್‌ವರ್ಕ್ ಎಂಬ ಎಐ ವಿಧಾನ ಬಳಸಿ ಸಾಲು ಸಾಲಾಗಿ ಓದುತ್ತದೆ, ಕನ್ನಡವನ್ನೂ ಓದುತ್ತದೆ. ಅಚ್ಚುಕಟ್ಟಾದ ಮುದ್ರಣವಾದರೆ ಚೆನ್ನಾಗಿಯೇ ಓದುತ್ತದೆ. ಇಂಚಿಗೆ 300 ಚುಕ್ಕೆಯಂತೆ ಸ್ಕ್ಯಾನ್ ಮಾಡಿದರೆ ಒಳ್ಳೆಯದು. ಅಂದರೆ ಎ4 ಹಾಳೆ ಸುಮಾರು 2480 ಕ್ಕೆ 3508 ಪಿಕ್ಸೆಲ್. ಈಗಿನ ಮೊಬೈಲ್ ಕ್ಯಾಮೆರಾಕ್ಕೆ ಇದೇನು ದೊಡ್ಡದಲ್ಲ. ಆದರೆ ಫೋಟೋ ತೆಗೆದು ವಾಟ್ಸ್‌ಆ್ಯಪಿನಲ್ಲಿ ಸುಮ್ನೆ ಕಳಿಸಿದರೆ ಅದು ಕುಗ್ಗಿಸಿ ಕಳಿಸುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಹಾಗೇ ಹೋಗುತ್ತದೆ. ಅದಕ್ಕಿಂತ ಕೆಟ್ಟದ್ದು, ‘ಕಡತ 200 ಕೆಬಿ ಮೀರಬಾರದು’ ಎಂಬ ನಿಯಮ. ಜನ ಕುಗ್ಗಿಸಿ ಕುಗ್ಗಿಸಿ ಮಸಿಯ ಕಲೆ ಮಾಡಿ ಹಾಕುತ್ತಾರೆ. ಡಿಸ್ಕ್ ಈಗ ಅಗ್ಗ. ಆ ನಿಯಮವನ್ನು ದಯವಿಟ್ಟು ತೆಗೆದುಹಾಕಿ.

ಇನ್ನೊಂದು ತಲೆನೋವು ಇದೆ. ಝೆರಾಕ್ಸ್ ಅಂಗಡಿಯಲ್ಲಿ ಅರ್ಜಿ, ಪಹಣಿ, ಆಧಾರ್, ಪಾಸ್‌ಬುಕ್ ಎಲ್ಲವನ್ನೂ ಸೇರಿಸಿ ಒಂದೇ ಪಿಡಿಎಫ್ ಮಾಡಿ ಕೊಡುತ್ತಾರೆ. ಇದಕ್ಕೆ ಕಡತವನ್ನು ವರ್ಗ ಮಾಡುವುದು ಬಿಟ್ಟು ಪುಟವನ್ನು ವರ್ಗ ಮಾಡಬೇಕು. ಆದರೆ ಖರೇದಿ ಪತ್ರದ ಮೂರನೇ ಪುಟದಲ್ಲಿ ತಲೆಬರಹವೇ ಇರುವುದಿಲ್ಲ. ಹಾಗಾಗಿ ಒಂದೊಂದು ಪುಟಕ್ಕೂ ಎರಡು ಪ್ರಶ್ನೆ. ಇದು ಯಾವ ವಿಧ? ಇಲ್ಲಿಂದ ಹೊಸ ದಾಖಲೆ ಶುರುವಾಗಿದೆಯೇ, ಅಥವಾ ಹಿಂದಿನ ಪುಟದ ಮುಂದುವರಿಕೆಯೇ? ಎರಡನೆಯ ಪ್ರಶ್ನೆ ಸೇರಿಸಿದರೆ ಗೊಂದಲ ಬಹಳ ಕಡಿಮೆಯಾಗುತ್ತದೆ. ಒಂದೇ ಹಾಳೆಯಲ್ಲಿ ಮೇಲೆ ಆಧಾರ್, ಕೆಳಗೆ ಪ್ಯಾನ್ ಕಾರ್ಡ್ ಇದ್ದರೆ ಎರಡೂ ಚೀಟಿ ಅಂಟಿಸಿ. ಒಂದೇ ಆರಿಸಬೇಕು ಎಂದು ಯಾರೂ ಹೇಳಿಲ್ಲ, ಅಲ್ವಾ?

ಈಗ ವರ್ಗ ಮಾಡುವ ಯಂತ್ರ. ಮೊದಲು ಯಂತ್ರವೇ ಬೇಡದ ಕೆಲಸ ಮುಗಿಸಿ. ಆಧಾರ್ ಸಂಖ್ಯೆಗೆ 12 ಅಂಕಿ. ಮೊದಲ ಅಂಕಿ 0 ಅಥವಾ 1 ಇರುವುದಿಲ್ಲ. ಕೊನೆಯ ಅಂಕಿ ಉಳಿದ ಹನ್ನೊಂದರಿಂದ ಲೆಕ್ಕ ಹಾಕಿ ಬಂದದ್ದು. 1969ರಲ್ಲಿ ಡಚ್ ಗಣಿತಜ್ಞ ವರ್ಹೂಫ್ ಕೊಟ್ಟ ವಿಧಾನ ಅದು. ಒಂದು ಅಂಕಿ ತಪ್ಪಿದರೂ, ಅಕ್ಕಪಕ್ಕದ ಎರಡು ಅದಲುಬದಲಾದರೂ ಸಿಕ್ಕಿಬೀಳುತ್ತದೆ. ಹಾಗಾಗಿ ಓಸಿಆರ್ ಓದಿದ ಸಂಖ್ಯೆ ಸರಿಯೋ ತಪ್ಪೋ ಎಂದು ಅಲ್ಲೇ ತಿಳಿಯಬಹುದು. ಆದರೆ ಎಚ್ಚರ. ಆಧಾರ್ ಸಂಖ್ಯೆ ಇದೆ ಎಂದ ಮಾತ್ರಕ್ಕೆ ಅದು ಆಧಾರ್ ಕಾರ್ಡ್ ಅಲ್ಲ. ಸಾಲದ ಅರ್ಜಿಯಲ್ಲೂ ಆ ಸಂಖ್ಯೆ ಇರುತ್ತದೆ. ಪಹಣಿಯ ವಿಷಯದಲ್ಲಿ ಅದೃಷ್ಟ ನಮ್ಮ ಕಡೆಗಿದೆ. ಸರ್ಕಾರದ ಭೂದಾಖಲೆಗಳ ‘ಭೂಮಿ’ ತಂತ್ರಾಂಶದಿಂದ ಬರುವ ಪಹಣಿ ನಮೂನೆ 16ರಲ್ಲಿರುತ್ತದೆ, ಚೌಕಟ್ಟು, ಕಾಲಮಿನ ಜಾಗ ಎಲ್ಲಾ ನಿಗದಿ. ಅಕ್ಷರ ಮಸುಕಾಗಿದ್ದರೂ ಗೆರೆಗಳನ್ನು ನೋಡಿಯೇ ಹೇಳಬಹುದು.

ನಿಯಮಕ್ಕೆ ಸಿಗದೇ ಉಳಿದವಕ್ಕೆ ಕಲಿಯುವ ಯಂತ್ರ. ಇದೇನೂ ನಿನ್ನೆ ಮೊನ್ನೆಯ ಮಾತಲ್ಲ. 1961ರಲ್ಲೇ ಅಮೆರಿಕದ ಮ್ಯಾರನ್ ಎಂಬುವರು ಪದಗಳನ್ನು ಎಣಿಸಿ, ಬೇಯ್ಸ್‌ನ ಸಂಭವನೀಯತೆಯ ಸೂತ್ರ ಹಾಕಿ, ಲೇಖನಗಳನ್ನು ವಿಷಯವಾರು ಬೇರೆ ಮಾಡಿ ತೋರಿಸಿದ್ದರು. ವಿಚಾರ ಸರಳ. ನೂರು ನಡಾವಳಿಗಳಲ್ಲಿ 90ರಲ್ಲಿ ‘ಅನುಮೋದಕರು’ ಎಂಬ ಪದ ಇದೆ, ನೂರು ಖರೇದಿ ಪತ್ರಗಳಲ್ಲಿ ಒಂದರಲ್ಲಿ ಮಾತ್ರ ಇದೆ ಎಂದುಕೊಳ್ಳಿ. ಹೊಸ ಕಾಗದದಲ್ಲಿ ಆ ಪದ ಕಂಡರೆ ಖರೇದಿ ಪತ್ರಕ್ಕೆ ಎದುರಾಗಿ ನಡಾವಳಿಯ ಕಡೆಯ ತೂಕ 90 ಪಟ್ಟು ಏರಿತು. ಹೊಲದ ನಾಲ್ಕು ಗಡಿ ಹೇಳುವ ‘ಚಕ್‌ಬಂದಿ’ ಕಂಡರೆ ಖರೇದಿ ಪತ್ರದ ಕಡೆ ಏರುತ್ತದೆ. ಎಲ್ಲಾ ಪದಗಳ ಲೆಕ್ಕವನ್ನು ಗುಣಿಸುತ್ತಾ ಹೋಗುವುದು, ಕೊನೆಗೆ ಯಾವುದು ಜಾಸ್ತಿಯೋ ಅದು. ಒಂದು ಪದ ಒಂದು ವರ್ಗದಲ್ಲಿ ಎಂದೂ ಕಂಡಿಲ್ಲದಿದ್ದರೆ ಸೊನ್ನೆಯಿಂದ ಗುಣಿಸಿ ಎಲ್ಲಾ ಮಣ್ಣುಪಾಲಾಗುತ್ತದೆ, ಅದಕ್ಕೆ ಎಲ್ಲಾ ಎಣಿಕೆಗೂ ಒಂದು ಸೇರಿಸಿಟ್ಟುಕೊಳ್ಳುತ್ತಾರೆ. ಇನ್ನು ‘ಕರ್ನಾಟಕ ಸರ್ಕಾರ’, ‘ಗದಗ ಜಿಲ್ಲೆ’ ಎಂಬಂಥವು ಎಲ್ಲಾ ಕಾಗದದಲ್ಲೂ ಇರುತ್ತವೆ, ಅವು ಏನನ್ನೂ ಹೇಳುವುದಿಲ್ಲ. ಹೆಚ್ಚು ಕಾಗದಗಳಲ್ಲಿ ಬರುವ ಪದಕ್ಕೆ ಕಡಿಮೆ ತೂಕ ಕೊಡಬೇಕು ಎಂದು 1972ರಲ್ಲಿ ತೋರಿಸಿದವರು ಬ್ರಿಟನ್ನಿನ ಕರೆನ್ ಸ್ಪಾರ್ಕ್ ಜೋನ್ಸ್. ಇಂದಿಗೂ ಹುಡುಕುವ ತಂತ್ರಾಂಶಗಳ ಒಳಗೆ ಅವರ ವಿಚಾರ ಇದೆ.

ಕನ್ನಡಕ್ಕೆ ಬಂದರೆ ಒಂದು ಸೇರ್ಪಡೆ ಬೇಕು. ಸಂಘ, ಸಂಘದ, ಸಂಘಕ್ಕೆ, ಸಂಘದಲ್ಲಿ, ಸಂಘದವರಿಗೂ. ಇಂಗ್ಲಿಷಿಗೆ ಬರೆದ ಪ್ರೋಗ್ರಾಂ ಇವನ್ನೆಲ್ಲಾ ಬೇರೆ ಪದ ಎನ್ನುತ್ತದೆ. ಪ್ರತ್ಯಯ ಬಿಡಿಸುವ ವ್ಯಾಕರಣ ಬರೆಯಬಹುದು, ಆದರೆ ಅದಕ್ಕಿಂತ ಸುಲಭದ ದಾರಿ ಇದೆ. ಪದವನ್ನೇ ಮರೆತು ಮೂರರಿಂದ ಐದು ಅಕ್ಷರಗಳ ತುಣುಕುಗಳನ್ನು ಎಣಿಸುವುದು. ಇದರಿಂದ ಓಸಿಆರ್ ತಪ್ಪಿಗೂ ಮದ್ದು ಸಿಗುತ್ತದೆ. ‘ಠರಾವು’ ಎಂಬುದನ್ನು ‘ರರಾವು’ ಎಂದು ಓದಿದರೂ ‘ರಾವು’ ಉಳಿದುಕೊಳ್ಳುತ್ತದೆ. ಪಹಣಿ ಎನ್ನುವವರು, ಉತಾರ ಎನ್ನುವವರು, ಆರ್‌ಟಿಸಿ ಎನ್ನುವವರು ಮೂವರೂ ನಮ್ಮಲ್ಲಿದ್ದಾರೆ. ಅದಕ್ಕೆ ಮಾತ್ರ ಸಮಾನ ಪದಗಳ ಸಣ್ಣ ಪಟ್ಟಿ ಕೈಯಿಂದಲೇ ಮಾಡಬೇಕು.

ಹೊಸ ದಾರಿಗಳೂ ಇವೆ. 2018ರಲ್ಲಿ ಗೂಗಲ್ ಬರ್ಟ್ ಎಂಬ ಭಾಷೆಯ ಎಐ ತಂದ ಮೇಲೆ ಭಾರತೀಯ ಭಾಷೆಗಳಿಗೆಂದೇ ಅದೇ ಮಾದರಿಯ ಮುರಿಲ್ ಬಂತು, ಎಐ4ಭಾರತ್ ತಂಡದ ಇಂಡಿಕ್‌ಬರ್ಟ್ ಬಂತು. ಎರಡಕ್ಕೂ ಕನ್ನಡ ಗೊತ್ತು. ಚಾಟ್ ಮಾಡುವ ದೊಡ್ಡ ಎಐಗಳಿಗಂತೂ ಮಾದರಿ ಕಾಗದ ಕೊಡದೆಯೇ ‘ಇದು ಏನು?’ ಎಂದು ಕೇಳಬಹುದು. ಬೇರೆ ಬೇರೆ ಜನ ಬೇರೆ ಬೇರೆ ರೀತಿ ಬರೆದ ದೂರು, ಮನವಿ ಪತ್ರಗಳನ್ನು ಬೇರೆ ಮಾಡುವುದಿದ್ದರೆ ಇವು ನಿಜವಾಗಿ ಮೇಲು. ಆದರೆ ನಿಮ್ಮ ಕಾಗದಗಳಲ್ಲಿ ಬಹುಪಾಲು ನಿಗದಿತ ನಮೂನೆಯವು. ಅವಕ್ಕೆ 1961ರ ಎಣಿಕೆಯೇ ಸಾಕಾಗುತ್ತದೆ. ಕಚೇರಿಯ ಹಳೆಯ ಕಂಪ್ಯೂಟರಿನಲ್ಲೇ ಓಡುತ್ತದೆ. ಯಾಕೆ ಹಾಗೆ ಹೇಳಿತು ಎಂದು ಕೇಳಿದರೆ ಪದ ತೋರಿಸುತ್ತದೆ. ಮೊದಲು ಅದನ್ನು ಮಾಡಿ, ಸಾಲದಿದ್ದರೆ ಮಾತ್ರ ದೊಡ್ಡದಕ್ಕೆ ಹೋಗಿ. ಇನ್ನೂ ಒಂದು ಕಾರಣ ಇದೆ. ಆಧಾರ್, ಹೊಲ, ಸಾಲ ಎಲ್ಲಾ ಇರುವ ಸದಸ್ಯರ ಕಾಗದವನ್ನು ಹೊರಗಿನ ಕಂಪನಿಯ ಸರ್ವರಿಗೆ ಕಳಿಸುವ ಮೊದಲು ಎರಡು ಸಲ ಯೋಚಿಸಬೇಕು. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿದೆ. ಯಾವ ಕೆಲಸಕ್ಕೆ ಎಂದು ಪಡೆದಿರೋ ಆ ಕೆಲಸಕ್ಕೆ ಮಾತ್ರ ಬಳಸಬೇಕು. ಕಳಿಸಲೇಬೇಕಾದರೆ ಆಧಾರ್‌ನ ಮೊದಲ ಎಂಟು ಅಂಕಿ ಮುಚ್ಚಿ ಕಳಿಸಿ.

“ಮಷಿನ್ ತಪ್ಪ ಮಾಡಿದ್ರ ಹೊಣಿ ಯಾರ್ದ್ರೀ?” ಹಿಂದಿನ ಸಾಲಿನಿಂದ ಒಬ್ಬ ತಂಗಿಯ ದನಿ.

ಸಂಘದ್ದೇ. ಅದರಲ್ಲಿ ಅನುಮಾನ ಬೇಡ. ಆದ್ದರಿಂದಲೇ ಯಂತ್ರಕ್ಕೆ ‘ನನಗೆ ಗೊತ್ತಿಲ್ಲ’ ಎನ್ನುವ ಅವಕಾಶ ಕೊಡಬೇಕು. ಯಾರಾದರೂ ಬಂದು ‘ನಮ್ಮ ತಂತ್ರಾಂಶ ಶೇಕಡಾ 90 ಸರಿ’ ಎಂದರೆ ಮಾರುಹೋಗಬೇಡಿ. ಸಾವಿರ ಕಡತಗಳಲ್ಲಿ 900 ಆಧಾರ್ ಕಾರ್ಡೇ ಆಗಿದ್ದರೆ, ಕಣ್ಣು ಮುಚ್ಚಿ ಎಲ್ಲವನ್ನೂ ಆಧಾರ್ ಎಂದು ಕೂಗಿದರೂ ಶೇಕಡಾ 90 ಬರುತ್ತದೆ. ವರ್ಗವಾರು ಕೇಳಿ. ಬಂದ ವಾರಸಾ ಆದೇಶಗಳಲ್ಲಿ ಎಷ್ಟನ್ನು ಹಿಡಿಯಿತು? ವಾರಸಾ ಎಂದು ಹೇಳಿದ್ದರಲ್ಲಿ ಎಷ್ಟು ನಿಜವಾಗಿ ವಾರಸಾ? ಎರಡೂ ಬೇರೆ ಲೆಕ್ಕ. ಅಪರೂಪಕ್ಕೆ ಬರುವ ಕಾಗದ ತಪ್ಪಿದರೇ ನಷ್ಟ ಜಾಸ್ತಿ.

ಎಷ್ಟು ಅನುಮಾನವಿದ್ದರೆ ಮನುಷ್ಯರಿಗೆ ಕಳಿಸಬೇಕು? ಇದನ್ನು ಗಣಿತದಿಂದ ತೀರ್ಮಾನಿಸಲು ಹೋಗುತ್ತಾರೆ. ನಾನು ಕೂತು ನೋಡುವವರ ಸಮಯದಿಂದ ತೀರ್ಮಾನಿಸುತ್ತೇನೆ. ದಿನಕ್ಕೆ 300 ಕಡತ ಬರುತ್ತವೆ, ನಿಮ್ಮ ಸಿಬ್ಬಂದಿ 30 ನೋಡಬಲ್ಲರು ಎಂದಾದರೆ, ಅತಿ ಅನುಮಾನದ 30 ಅವರ ಮುಂದೆ ಬರುವಂತೆ ಗೆರೆ ಎಳೆಯಿರಿ. ಯಂತ್ರ ಹೇಳುವ ಶೇಕಡಾವನ್ನು ಅಕ್ಷರಶಃ ನಂಬಬೇಡಿ. ಪದ ಎಣಿಸುವ ವಿಧಾನಕ್ಕೆ ಅತಿ ಆತ್ಮವಿಶ್ವಾಸದ ರೋಗವಿದೆ. ಠರಾವು, ಸೂಚಕರು, ಅನುಮೋದಕರು ಮೂರೂ ಒಟ್ಟಿಗೇ ಬರುವ ಪದಗಳು. ಯಂತ್ರ ಮಾತ್ರ ಮೂರು ಬೇರೆ ಬೇರೆ ಸಾಕ್ಷಿ ಎಂದು ಲೆಕ್ಕ ಹಿಡಿದು 99.9 ಎನ್ನುತ್ತದೆ. ಹಾಗಾಗಿ ಖಚಿತ ಎಂದದ್ದರಲ್ಲೂ ದಿನಕ್ಕೆ ಒಂದೈದನ್ನು ಸುಮ್ನೆ ಎತ್ತಿ ನೋಡಿ. ಮನುಷ್ಯರ ಕಡೆಯೂ ಒಂದು ರೋಗ ಇದೆ. ಯಂತ್ರ ಏನು ಹೇಳಿತೋ ಅದಕ್ಕೆ ‘ಓಕೆ’ ಒತ್ತುವುದು. ಅನುಮಾನದ ಕಡತಕ್ಕೆ ಉತ್ತರವನ್ನು ಮೊದಲೇ ತುಂಬಿಸಿಡಬೇಡಿ. ಎರಡು ಆಯ್ಕೆ ತೋರಿಸಿ ಆರಿಸಲು ಹೇಳಿ. ಅವರು ತಿದ್ದಿದ್ದೆಲ್ಲಾ ಮುಂದಿನ ಕಲಿಕೆಗೆ ಮಾದರಿ.

ಯಂತ್ರ ಏನನ್ನು ನೋಡಿ ಕಲಿಯಿತು ಎಂಬುದನ್ನೂ ಪರೀಕ್ಷಿಸಿ. ಕಲಿಸಲು ಕೊಟ್ಟ ಪಹಣಿಗಳೆಲ್ಲಾ ಒಂದೇ ಅಂಗಡಿಯಲ್ಲಿ ಸ್ಕ್ಯಾನ್ ಆಗಿದ್ದರೆ, ಕೆಳಗೆ ಬೀಳುವ ಆ ಸ್ಕ್ಯಾನ್ ಆ್ಯಪಿನ ಮುದ್ರೆಯನ್ನೇ ಅದು ಪಹಣಿಯ ಗುರುತು ಎಂದುಕೊಳ್ಳಬಹುದು. ಅಮೆರಿಕದಲ್ಲಿ 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಎಕ್ಸ್‌ರೇ ನೋಡಿ ನ್ಯುಮೋನಿಯಾ ಹೇಳುವ ಮಾದರಿಗಳು ಚಿತ್ರ ಯಾವ ಆಸ್ಪತ್ರೆಯದು ಎಂಬುದನ್ನೂ ಗುರುತಿಸಿ ಅದರ ಲಾಭ ಪಡೆಯುತ್ತಿದ್ದದ್ದು ಕಂಡಿತ್ತು. ಬೇರೆ ಆಸ್ಪತ್ರೆಯ ಚಿತ್ರ ಕೊಟ್ಟಾಗ ಹಲವು ಸಲ ಅವು ಅಷ್ಟು ಚೆನ್ನಾಗಿ ಹೇಳಲಿಲ್ಲ. ಆದ್ದರಿಂದ ಬೇರೆ ಊರಿನ, ಬೇರೆ ಅಂಗಡಿಯ ಕಾಗದಗಳಿಂದ ಪರೀಕ್ಷೆ ಮಾಡಿ.

‘ಇತರೆ’ ಎಂಬ ಡಬ್ಬಿಯ ಮೇಲೆ ಕಣ್ಣಿಡಿ. ಅದು ಬೆಳೆಯುತ್ತಿದ್ದರೆ ಹೊಸ ವರ್ಗ ಹುಟ್ಟಿದೆ ಎಂದರ್ಥ. ಸಹಕಾರಿಗಳಿಗೆ ಇದಕ್ಕೆ ಯಶಸ್ವಿನಿ ಎಂಬ ಆರೋಗ್ಯ ಯೋಜನೆಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. 2003ರಲ್ಲಿ ಯೋಜನೆ ಶುರುವಾಯಿತು, 2018ರಲ್ಲಿ ನಿಂತಿತು, 2022ರಲ್ಲಿ ಮತ್ತೆ ಬಂತು. ನಿಂತಿದ್ದ ಕಾಲದ ಕಾಗದಗಳಿಂದ ಮಾತ್ರ ಕಲಿತ ಯಂತ್ರಕ್ಕೆ ಯಶಸ್ವಿನಿ ಎಂದರೇನೆಂದೇ ಗೊತ್ತಿರುವುದಿಲ್ಲ. ‘ಆಸ್ಪತ್ರೆ’ ಎಂಬ ಪದ ನೋಡಿ ವೈದ್ಯಕೀಯ ಬಿಲ್ಲಿಗೆ ಸೇರಿಸಿಬಿಡುತ್ತದೆ. ಹಳೆಯ ವರ್ಗವನ್ನು ಅಳಿಸಬೇಡಿ, ಮಲಗಿಸಿಡಿ.

ಕೊನೆಗೆ ಬಂದ ಪ್ರಶ್ನೆ ನನಗೆ ಎಲ್ಲಕ್ಕಿಂತ ಇಷ್ಟವಾಯಿತು. “ನಮ್ಮ ಕಪಾಟಿನ್ಯಾಗ ಹಳೇ ಮೋಡಿ ಕಾಗದ ಅದಾವ್ರೀ. ನಾವೂ ಓದಂಗಿಲ್ಲ, ನಿಮ್ಮ ಮಷಿನ್ನೂ ಓದಂಗಿಲ್ಲ. ಅವನ್ನೇನ್ ಮಾಡೋದ್ರೀ?”

ಮುಂಬೈ ಪ್ರಾಂತದ ಕಾಲದಲ್ಲಿ ಈ ಭಾಗದ ಎಷ್ಟೋ ವ್ಯವಹಾರ ಮರಾಠಿಯ ಮೋಡಿ ಲಿಪಿಯಲ್ಲಿತ್ತು. ಆ ಲಿಪಿ ಯೂನಿಕೋಡಿಗೆ ಸೇರಿದ್ದೇ 2014ರಲ್ಲಿ. ಟೆಸರಾಕ್ಟಿಗೆ ಅದು ಬರುವುದಿಲ್ಲ. ಆದರೆ ಓದಲು ಬಾರದಿದ್ದರೂ ಇದು ಮೋಡಿ ಎಂದು ಗುರುತಿಸಬಹುದು. ಬರೆಯುವವರು ಮೊದಲು ಹಾಳೆಯ ಈ ತುದಿಯಿಂದ ಆ ತುದಿಗೆ ಗೆರೆ ಎಳೆದು, ಅದರ ಕೆಳಗೆ ಅಕ್ಷರಗಳನ್ನು ಪದಗಳ ನಡುವೆ ಜಾಗ ಬಿಡದೆ ಜೋಡಿಸುತ್ತಿದ್ದರು. ಕನ್ನಡದಲ್ಲಿ ಹಾಗಿಲ್ಲ. ಚಿತ್ರ ನೋಡಿ ಕಲಿಯುವ ಸಣ್ಣ ಮಾದರಿಗೆ ಈ ವ್ಯತ್ಯಾಸ ಸುಲಭವಾಗಿ ಸಿಗುತ್ತದೆ. ಆ ಗುಂಪಿಗೆ ‘ಹಳೆಯ ಕಾಗದ’ ಎಂದು ಹೆಸರಿಡಬೇಡಿ, ಆ ಹೆಸರಿಟ್ಟರೆ ಯಾರೂ ತೆರೆಯುವುದಿಲ್ಲ. ‘ಮೋಡಿ ಓದುವವರಿಗೆ’ ಎಂದಿಡಿ. ಓದಬಲ್ಲವರು ಧಾರವಾಡದ ಕಡೆ ಹುಡುಕಿದರೆ ಸಿಗಬಹುದು. ಅಷ್ಟರೊಳಗೆ ಒಳ್ಳೆಯ ಬೆಳಕಿನಲ್ಲಿ ಸ್ಕ್ಯಾನ್ ಮಾಡಿಸಿ, ಮೂಲ ಕಾಗದವನ್ನು ಗೆದ್ದಲು ಬಾರದ ಕಪಾಟಿಗೆ ಸಾಗಿಸಿ.